ನಿಮಗಿದು ಗೊತ್ತೇ? ಚಿಟಿಕೆ ಹೊಡೆಯುವಷ್ಟರಲ್ಲಿ ಕುರಿ ಮಾಯ!

ಹೈದರಾಬಾದಿಗೆ ಬಂದವರೆಲ್ಲ ಬಿರಿಯಾನಿ ಎಲ್ಲಿ ಚೆನ್ನಾಗಿರುತ್ತೆ ಅಂತ ಕೇಳುತ್ತಾರೆ. ಹಲೀಮ್ ಯಾವಾಗ ಸಿಗುತ್ತೆ ಅಂತ ವಿಚಾರಿಸುತ್ತಾರೆ. ಕುರಿಯ ನೆತ್ತರೊಳಗೆ ಏನೇನು ನಡೆಯುತ್ತದೆ ಅಂತ ಮಾತ್ರ ಒಬ್ಬರೂ ಕೇಳುವುದಿಲ್ಲ. ಕೇಳಿದ್ದರೆ ತಟ್ಟೆ ಪಕ್ಕಕ್ಕಿಟ್ಟು ಕಣ್ಣರಳಿಸಿ ಕೂರುತ್ತಿದ್ದರು! ಹೆದರಬೇಡಿ, ನಿಮ್ಮ ಊಟ ಕೆಡಿಸುವುದಿಲ್ಲ. ಹೆಚ್ಚೆಂದರೆ ಅರ್ಧ ಗಂಟೆ ತಡವಾದೀತು.

ಮೊದಲು ತಲೆ ಎಣಿಸೋಣ. 2019ರ ಜಾನುವಾರು ಗಣತಿಯಲ್ಲಿ ಇಡೀ ದೇಶಕ್ಕೇ ಹೆಚ್ಚು ಕುರಿಗಳಿದ್ದ ರಾಜ್ಯ ಯಾವುದು ಗೊತ್ತೇ? ರಾಜಸ್ಥಾನ ಅಂದಿರಾ? ತಪ್ಪು! ತೆಲಂಗಾಣ. ಸುಮಾರು 1.9 ಕೋಟಿ ಕುರಿ. ಅಂದರೆ ಹೆಚ್ಚುಕಡಿಮೆ ಇಬ್ಬರು ಮನುಷ್ಯರಿಗೆ ಒಂದು ಕುರಿ! ಎರಡನೆಯದು ಆಂಧ್ರ. ಮೂರನೆಯದು ನಮ್ಮ ಕರ್ನಾಟಕ, 1.11 ಕೋಟಿ.

ಇಷ್ಟೊಂದು ಹೇಗೆ ಬಂದವು? 2017ರ ಜೂನ್‌ನಲ್ಲಿ ತೆಲಂಗಾಣ ಸರ್ಕಾರ ಕುರಿ ಹಂಚುವುದಕ್ಕೇ ಒಂದು ಯೋಜನೆ ಶುರು ಮಾಡಿತ್ತು. ಗೊಲ್ಲ, ಕುರುಮ ಮನೆತನಗಳಿಗೆ 20 ಹೆಣ್ಣು ಕುರಿ, ಜೊತೆಗೆ 1 ಟಗರು. ಬೆಲೆಯ ಮುಕ್ಕಾಲು ಪಾಲು ಸರ್ಕಾರದ್ದು! ಕುರಿಗಳನ್ನು ಕೊಂಡು ತಂದದ್ದು ಅಕ್ಕಪಕ್ಕದ ರಾಜ್ಯಗಳಿಂದ. ಲಾರಿ ಹತ್ತಿದ ಕುರಿಗಳಲ್ಲಿ ಕನ್ನಡ ನಾಡಿನವೂ ಇದ್ದವು.

ಈಗ ನಿಮ್ಮ ಮನೆಯ ಥರ್ಮಾಮೀಟರ್ ತಗೊಳ್ಳಿ. ಚೆನ್ನಾಗಿ ಮೇಯ್ದು ಚೆನ್ನಾಗಿ ಓಡಾಡುವ ಕುರಿಯ ಮೈಬಿಸಿ ಎಷ್ಟು? 102, 103 ಡಿಗ್ರಿ ಫ್ಯಾರನ್‌ಹೀಟ್! ಅಷ್ಟಕ್ಕೆ ನಾವು ರಜೆ ಚೀಟಿ ಬರೆದು ಕಂಬಳಿ ಹೊದ್ದು ಮಲಗುತ್ತೇವೆ. ಕುರಿಗೆ ಅದು ಆರೋಗ್ಯ!

ಕುರಿಯ ಒಂದು ಕೆಂಪು ರಕ್ತಕಣದ ಅಗಲ ಸುಮಾರು ನಾಲ್ಕೂವರೆ ಮೈಕ್ರಾನ್. ಮಿಲಿಮೀಟರನ್ನು ಸಾವಿರ ಹೋಳು ಮಾಡಿ ಅದರಲ್ಲಿ ನಾಲ್ಕೂವರೆ ಹೋಳು ಎತ್ತಿಕೊಳ್ಳಿ, ಅಷ್ಟೇ. ನಮ್ಮದು ಏಳೂವರೆ. ಆಡಿನದು ಇನ್ನೂ ಚಿಕ್ಕದು, ಮೂರಕ್ಕಿಂತ ಸ್ವಲ್ಪ ಹೆಚ್ಚು. ಮೇಕೆ ನೋಡೋಕೆ ಅಷ್ಟು ಗತ್ತು, ರಕ್ತಕಣ ಮಾತ್ರ ಸಾಸಿವೆ!

ಇನ್ನೂ ಚಿಕ್ಕದು ಬೇಕೇ? ಹಾಗಾದರೆ ಇಲಿಜಿಂಕೆ ನೋಡಿ. ಬೆಕ್ಕಿನಷ್ಟೇ ಎತ್ತರ, ಆದರೂ ಮೆಲುಕು ಹಾಕುತ್ತದೆ. ಅದರ ಮಲಯಾ ಕಡೆಯ ನೆಂಟನ ರಕ್ತಕಣ 2 ಮೈಕ್ರಾನ್ ಕೂಡ ಇಲ್ಲ. ಸಸ್ತನಿಗಳಲ್ಲೇ ಅತಿ ಚಿಕ್ಕದು! ಹೈದರಾಬಾದಿನ ನೆಹರೂ ಮೃಗಾಲಯದಲ್ಲಿ 2010ರಿಂದ ನಮ್ಮ ದೇಶದ ಇಲಿಜಿಂಕೆಗಳನ್ನು ಸಾಕಿ, ಮರಿ ಮಾಡಿಸಿ, ಕಾಡಿಗೂ ಬಿಟ್ಟಿದ್ದಾರೆ. ಹೋದಾಗ ಹುಲಿಯ ಮುಂದೆಯೇ ನಿಂತುಬಿಡಬೇಡಿ!

ಸರಿ, ಈಗ ರೋಗದ ಮಾತು. ತೆಲಂಗಾಣದ ಕುರಿಗಾಹಿಗಳ ಬಾಯಲ್ಲಿ ‘ಚಿಟುಕ ರೋಗ’ ಅಂತ ಒಂದಿದೆ. ಹೆಸರೇ ಎಲ್ಲ ಹೇಳಿಬಿಡುತ್ತದೆ. ಚಿಟಿಕೆ ಹೊಡೆಯುವಷ್ಟರಲ್ಲಿ ಕುರಿ ಬಿದ್ದಿರುತ್ತದೆ! ರಾತ್ರಿ ಹಟ್ಟಿಯಲ್ಲಿ ಗಟ್ಟಿಮುಟ್ಟಾಗಿತ್ತು, ಬೆಳಿಗ್ಗೆ ಕಾಲು ಚಾಚಿದೆ. ನಮ್ಮ ಕಡೆ ಇದಕ್ಕೆ ‘ಕರುಳು ಬೇನೆ’ ಅನ್ನುತ್ತಾರೆ. ಕನ್ನಡದ ಹೆಸರು ರೋಗ ಎಲ್ಲಿದೆ ಅಂತ ಹೇಳುತ್ತದೆ, ತೆಲುಗಿನದು ಎಷ್ಟು ಬೇಗ ಅಂತ. ನನ್ನ ಅಂಕ ತೆಲುಗಿಗೆ!

ಇದರ ಚೋದ್ಯ ಕೇಳಿ. ಸೊರಗಿದ ಮರಿಯನ್ನು ಇದು ಮುಟ್ಟುವುದೇ ಅಪರೂಪ. ಹಿಂಡಿನಲ್ಲಿ ಎಲ್ಲಕ್ಕಿಂತ ಕೊಬ್ಬಿದ, ಎಲ್ಲಕ್ಕಿಂತ ಹೊಟ್ಟೆಬಾಕ ಮರಿಯೇ ಮೊದಲು ಹೋಗುವುದು! ಮುಂಗಾರಿನ ಎಳೆ ಹುಲ್ಲು ಚಿಗುರಿದಾಗ ಗಬಗಬ ತಿನ್ನುತ್ತದಲ್ಲ, ಅದೇ ಮರಿ. ಕಾಳಿನ ಚೀಲಕ್ಕೆ ಬಾಯಿ ಹಾಕಿದ ಕಳ್ಳ ಟಗರೂ ಅಷ್ಟೇ.

ಕೊಲ್ಲುವ ರೋಗಾಣು ಎಲ್ಲಿಂದ ಬಂತು ಅಂತೀರಿ? ಎಲ್ಲಿಂದಲೂ ಇಲ್ಲ! ಮೊದಲಿನಿಂದ ಅದರ ಕರುಳಲ್ಲೇ ತೆಪ್ಪಗೆ ಇತ್ತು. ಹೆಸರು ಕ್ಲಾಸ್ಟ್ರಿಡಿಯಂ. ಅಜೀರ್ಣವಾಗಿ ಹಿಟ್ಟು ಕೆಳಗಿಳಿಯಿತೋ, ಅದಕ್ಕೆ ಹಬ್ಬ.

ಇನ್ನೂ ಸೋಜಿಗ ಇದೆ. ಅದು ಉಗುಳುವ ವಿಷ ಮೊದಮೊದಲು ಅಷ್ಟೇನೂ ಘಾಟಿಯಲ್ಲ. ಕುರಿಯದೇ ಜೀರ್ಣರಸ ಆ ವಿಷವನ್ನು ಒಂದಿಷ್ಟು ಕತ್ತರಿಸುತ್ತದೆ. ಕತ್ತರಿಸಿದ ಮೇಲೆ ಅದು ನೂರಾರು ಪಟ್ಟು ಚುರುಕು! ಕಳ್ಳ ಮೊಂಡು ಚೂರಿ ತಂದ, ಮನೆಯವರೇ ಸಾಣೆ ಹಿಡಿದು ಕೈಗೆ ಕೊಟ್ಟರು. ರೋಗಾಣು ಕರುಳಲ್ಲೇ ಕೂತಿರುತ್ತದೆ, ನೆತ್ತರಿಗೆ ಸೇರುವುದು ವಿಷ ಮಾತ್ರ. ಸತ್ತ ಮೇಲೆ ಹೊಟ್ಟೆ ಬಗೆದು ನೋಡಿದರೆ ಮೂತ್ರಪಿಂಡ ಕೊಳೆತ ಬಾಳೆಹಣ್ಣಿನ ಹಾಗೆ ಮೆತ್ತಗೆ!

ಮುಂದಿನದು ಗಳಲೆ ರೋಗ. ಗಂಟಲು ಬೇನೆ ಅಂದರೂ ಇದೇ, ತೆಲುಗಿನ ‘ಗೊಂತುವಾಪು’ ಅಂದರೂ ಇದೇ. ಗಂಟಲು ಊದುತ್ತದೆ, ಉಸಿರು ಗೊರಗೊರ ಅನ್ನುತ್ತದೆ, ರೋಗಾಣು ನೆತ್ತರ ತುಂಬ ಹರಡುತ್ತದೆ. ಎಮ್ಮೆಗೆ ಹೆಚ್ಚು, ಕುರಿ ಮೇಕೆಗೂ ಬಿಟ್ಟಿದ್ದಲ್ಲ. ಒಂದು ಹನಿ ರಕ್ತ ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಎರಡು ತುದಿಗೆ ಮಾತ್ರ ಬಣ್ಣ ಹತ್ತಿ, ನಡುವೆ ಖಾಲಿ. ಥೇಟ್ ಸೇಫ್ಟಿ ಪಿನ್ನು!

ಈ ಪಿನ್ನಿನ ಹೆಸರು ಪಾಶ್ಚುರೆಲ್ಲಾ. ಲೂಯಿ ಪಾಶ್ಚರ್ ಅವರ ಹೆಸರನ್ನೇ ಇಟ್ಟಿದ್ದಾರೆ. ಜೀವಮಾನವಿಡೀ ರೋಗಾಣುಗಳ ವಿರುದ್ಧ ಹೋರಾಡಿದವರಿಗೆ ಸಿಕ್ಕ ಗೌರವ ನೋಡಿ, ಒಂದು ರೋಗಾಣು!

ಈ ಪಿನ್ನು ಆರೋಗ್ಯವಂತ ಪ್ರಾಣಿಯ ಮೂಗು ಗಂಟಲಲ್ಲೂ ಸುಮ್ಮನೆ ಇರಬಲ್ಲದು. ಪ್ರಾಣಿ ದಣಿದಾಗ, ನೆನೆದಾಗ, ಲಾರಿಯಲ್ಲಿ ರಾತ್ರಿಯಿಡೀ ನಿಂತು ಬಂದಾಗ ಒಮ್ಮೆಲೇ ಎದ್ದು ಕೂರುತ್ತದೆ. ಅದಕ್ಕೇ ಮಳೆಗಾಲಕ್ಕೆ ಮುಂಚೆಯೇ ಲಸಿಕೆ ಹಾಕುವುದು.

ಎದ್ದು ಕೂತರೆ ಏನಾಗುತ್ತದೆ ಗೊತ್ತೇ? ಕಜಾಕಸ್ತಾನದಲ್ಲಿ ಸೈಗಾ ಅಂತ ಒಂದು ಹುಲ್ಲೆ ಇದೆ. ಮೂಗು ಆನೆಮರಿಯದು, ಮೈ ಕುರಿಯದು. 2015ರ ಮೇ ತಿಂಗಳು. ಮೂರೇ ವಾರದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸೈಗಾ ಸತ್ತವು! ಜಗತ್ತಿನಲ್ಲಿದ್ದ ಸೈಗಾಗಳಲ್ಲಿ ಅರ್ಧಕ್ಕಿಂತ ಹೆಚ್ಚು. ವಿಜ್ಞಾನಿಗಳು ಕಂಡುಕೊಂಡ ಕೊಲೆಗಾರ? ಅದೇ ಸೇಫ್ಟಿ ಪಿನ್ನು! ಆ ವಾರಗಳಲ್ಲಿ ಅಲ್ಲಿ ಎಂದಿಲ್ಲದ ಸೆಕೆ, ಎಂದಿಲ್ಲದ ತೇವ. ಅಷ್ಟೇ ಸಾಕಾಯಿತು.

ಹೈದರಾಬಾದಿಗೆ ಮರಳೋಣ. ಈ ಊರಿನವರಿಗೇ ಗೊತ್ತಿಲ್ಲದ ಒಂದು ಸಂಗತಿ: ಗಚ್ಚಿಬೌಲಿಯ ಗಾಜಿನ ಕಟ್ಟಡಗಳ ಮಧ್ಯೆ ದನ, ಕುರಿ, ಮೇಕೆಗಳಿಗೆ ಲಸಿಕೆ ಮಾಡುವ ದೊಡ್ಡ ಕಂಪನಿ ಇದೆ. ಇಂಡಿಯನ್ ಇಮ್ಯುನಾಲಾಜಿಕಲ್ಸ್. 1982ರಲ್ಲಿ ಅದನ್ನು ಕಟ್ಟಿದ್ದು ಯಾರು? ಹಾಲಿನವರು! ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ. ಕಾಲುಬಾಯಿ ಜ್ವರ, ಗಳಲೆ, ಚಪ್ಪೆ ಬೇನೆ ಮೂರಕ್ಕೂ ಸೇರಿ ಒಂದೇ ಸೂಜಿ ಮಾಡುತ್ತಾರೆ. ಶಾಂತಿನಗರದಲ್ಲಿ ಸರ್ಕಾರದ್ದೇ ಇನ್ನೊಂದು ಪಶು ಲಸಿಕಾ ಸಂಸ್ಥೆ ಬೇರೆ ಇದೆ.

ನಮ್ಮವರೇನು ಕಡಿಮೆಯೇ? ಬೆಂಗಳೂರಿನ ಹೆಬ್ಬಾಳದ ಪಶು ಲಸಿಕಾ ಸಂಸ್ಥೆ 1925ರದು. ಮೈಸೂರು ಸೀರಮ್ ಇನ್‌ಸ್ಟಿಟ್ಯೂಟ್ ಅಂತ ಆಗಿನ ಹೆಸರು. ವಿಧಾನಸೌಧಕ್ಕಿಂತ ಹಳೆಯದು!

ಯಲಹಂಕದ ಕಡೆ ‘ನಿವೇದಿ’ ಅನ್ನುವ ಕೇಂದ್ರವಿದೆ. ದೇವರಿಗೆ ನೈವೇದ್ಯ ಇಡುವ ಜಾಗವಲ್ಲ! ದೇಶದ ಯಾವ ಜಿಲ್ಲೆಯಲ್ಲಿ ಯಾವ ಜಾನುವಾರು ರೋಗ ಬರಬಹುದು ಅಂತ ಎರಡು ತಿಂಗಳು ಮೊದಲೇ ಹೇಳುವ ಜಾಗ. ಕುರಿಗಳಿಗೂ ಹವಾಮಾನ ವರದಿ!

ಈಗ ಎಲ್ಲಕ್ಕಿಂತ ದೊಡ್ಡ ಖಳನಾಯಕ. ನೆರಡಿ ರೋಗ! ತೆಲುಗಿನಲ್ಲಿ ‘ದೊಮ್ಮ ರೋಗ’. ಪತ್ರಿಕೆಯಲ್ಲಿ ಆಂಥ್ರಾಕ್ಸ್ ಅಂತ ಬರೆಯುತ್ತಾರೆ. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಇದ್ದಿಲು ಅಂತ ಅರ್ಥ. ಮನುಷ್ಯರ ಚರ್ಮಕ್ಕೆ ಹತ್ತಿದರೆ ಹುಣ್ಣು ಇದ್ದಿಲಿನಂತೆ ಕರ್ರಗಾಗುತ್ತದೆ. ನೋಡಿದರೆ ಎದೆ ಧಸಕ್ಕೆನ್ನಬೇಕು, ಆದರೆ ಆ ಹುಣ್ಣು ನೋಯುವುದೇ ಇಲ್ಲ!

ನೆರಡಿಯಿಂದ ಸತ್ತ ಕುರಿಯ ಮೂಗು ಬಾಯಲ್ಲಿ ಕಪ್ಪು ರಕ್ತ ಜಿನುಗುತ್ತದೆ. ಆ ರಕ್ತ ಹೆಪ್ಪುಗಟ್ಟುವುದಿಲ್ಲ! ಹೆಣವೂ ಸರಿಯಾಗಿ ಸೆಟೆಯುವುದಿಲ್ಲ. ಸಾಯುವ ಹೊತ್ತಿಗೆ ಒಂದು ಮಿಲಿಲೀಟರ್ ರಕ್ತದಲ್ಲಿ ಹತ್ತು ಕೋಟಿ ರೋಗಾಣು ಇರಬಹುದು. ತೆಲಂಗಾಣದ ಕುರಿಗಳನ್ನೆಲ್ಲ ಐದು ಸಲ ಎಣಿಸಿದರೂ ಅಷ್ಟಾಗುವುದಿಲ್ಲ!

ಇಂಥ ಹೆಣವನ್ನು ಪಶುವೈದ್ಯರು ಕೊಯ್ಯುವುದೇ ಇಲ್ಲ ಗೊತ್ತೇ? ಕಿವಿಯ ರಕ್ತನಾಳದಿಂದ ಒಂದೇ ಒಂದು ಹನಿ ತೆಗೆದು ಗಾಜಿಗೆ ಸವರಿ, ಕಿವಿಗೆ ಹತ್ತಿ ಒತ್ತಿ, ಮುಗಿಸುತ್ತಾರೆ. ಕೊಯ್ದರೆ ಗಾಳಿ ತಾಗುತ್ತದೆ. ಗಾಳಿ ತಾಗಿದರೆ ರೋಗಾಣು ಗಟ್ಟಿ ಚಿಪ್ಪಿನ ಬೀಜವಾಗುತ್ತದೆ. ಬೀಜವಾದರೆ ಮಣ್ಣಲ್ಲಿ ಹತ್ತಾರು ವರ್ಷ! ಕೊಯ್ಯದೆ ಬಿಟ್ಟರೆ? ಹೆಣ ಒಳಗೊಳಗೇ ಕೊಳೆತು, ಆ ಕೊಳೆತಕ್ಕೇ ರೋಗಾಣುಗಳು ಕೆಲವು ದಿನದಲ್ಲಿ ಸಾಯುತ್ತವೆ. ಸುಮ್ಮನಿರುವುದೇ ಮದ್ದು!

ಆ ಗಾಜಿಗೆ ನೀಲಿ ಬಣ್ಣ ಹಾಕಿ ನೋಡಿದರೆ ನೀಲಿ ಕಡ್ಡಿಗಳ ಸುತ್ತ ಗುಲಾಬಿ ಅಂಚು. ನೀಲಿ ಸೀರೆಗೆ ಗುಲಾಬಿ ಬಾರ್ಡರ್! 1903ರಲ್ಲಿ ಜಾನ್ ಮೆಕ್‌ಫೇಡಿಯನ್ ಕಂಡ ಗುರುತು ಇದು, ಇವತ್ತಿಗೂ ಚಾಲ್ತಿಯಲ್ಲಿದೆ. ಆ ಗುಲಾಬಿ ಅಂಚು ರೋಗಾಣು ತೊಟ್ಟ ಕೋಟು. ಕೋಟು ತೊಟ್ಟರೆ ಬಿಳಿ ರಕ್ತಕಣಗಳು ಅದನ್ನು ನುಂಗಲಾರವು.

ಇದು ಹಳೇ ಪುರಾಣ ಅಂದುಕೊಂಡಿರಾ? 2021ರ ಅಕ್ಟೋಬರ್. ಹೈದರಾಬಾದಿನಿಂದ ಕೆಲವೇ ಗಂಟೆಯ ದಾರಿ, ವಾರಂಗಲ್ ಜಿಲ್ಲೆಯ ದುಗ್ಗೊಂಡಿ ಮಂಡಲ, ಚಾಪಲಬಂಡ ಊರು. ನಾಲ್ಕು ಕುರಿ ಸತ್ತವು. ಪರೀಕ್ಷೆಯಲ್ಲಿ ನೆರಡಿ! ಉಳಿದ ಕುರಿಗಳಿಗೆಲ್ಲ ಲಸಿಕೆ ಹಾಕಲು ಇಲಾಖೆ ಓಡೋಡಿ ಬಂತು.

ಹೆಣ ಹೂಳುವ ಗುಂಡಿಗೆ ಸುಣ್ಣ ಸುರಿಯಬೇಕು ಅಂತ ನಾವೆಲ್ಲ ಕೇಳಿದ್ದೇವೆ ಅಲ್ಲವೇ? ನೆರಡಿಯ ಹೆಣಕ್ಕೆ ಸುಣ್ಣ ಬೇಡ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ! ಸುಣ್ಣದ ಕ್ಯಾಲ್ಸಿಯಂ ಆ ಬೀಜಗಳಿಗೆ ಬದುಕಲು ನೆರವಾಗಬಹುದಂತೆ.

ಒಂದು ರೋಗಕ್ಕೆ ಒಂದು ರೋಗಾಣುವೇ ಕಾರಣ ಅಂತ ಮೊಟ್ಟಮೊದಲು ಸಾಬೀತಾದದ್ದು ಕೂಡ ನೆರಡಿಯಿಂದಲೇ. 1876, ಜರ್ಮನಿಯ ರಾಬರ್ಟ್ ಕಾಖ್. ಆಗ ಅವರು ಸಣ್ಣ ಊರಿನ ವೈದ್ಯ. ಇಲಿಗೆ ರಕ್ತ ಸೇರಿಸಿದ್ದು ಮರದ ಸಿಬಿರಿನಿಂದ! ರೋಗಾಣು ಬೆಳೆಸಿದ್ದು ಎತ್ತಿನ ಕಣ್ಣಿನ ನೀರಲ್ಲಿ! ಪ್ರಯೋಗಾಲಯವೇ? ಮನೆಯೇ ಪ್ರಯೋಗಾಲಯ.

ಕೋಳಿಗೆ ನೆರಡಿ ಬರುವುದಿಲ್ಲ. ಯಾಕೆ ಅಂತ ಪಾಶ್ಚರ್ ತಲೆ ಕೆಡಿಸಿಕೊಂಡರು. ಕೋಳಿಯ ಮೈಬಿಸಿ 42 ಡಿಗ್ರಿ ಸೆಲ್ಸಿಯಸ್, ಬಿಸಿ ಹೆಚ್ಚೇ ಕಾರಣವಿರಬಹುದು ಅನ್ನಿಸಿತು. 1878ರಲ್ಲಿ ಕೋಳಿಯನ್ನು ತಣ್ಣೀರಲ್ಲಿ ನಿಲ್ಲಿಸಿದರು. ಮೈ ತಣ್ಣಗಾಯಿತು, ನೆರಡಿ ಬಂತು, ಕೋಳಿ ಸತ್ತಿತು! ಇನ್ನೊಂದು ಕೋಳಿಯನ್ನು ರೋಗ ಹತ್ತಿದ ಮೇಲೆ ಎತ್ತಿ ಬೆಚ್ಚಗೆ ಮಾಡಿದರು. ಅದು ಕೊಡವಿಕೊಂಡು ಬದುಕಿತು!

ಫ್ರಾನ್ಸಿನಲ್ಲಿ ‘ಶಾಪದ ಹೊಲ’ಗಳಿದ್ದವು. ಅಲ್ಲಿ ಮೇಯ್ದ ಕುರಿ ಮನೆಗೆ ಮರಳುತ್ತಿರಲಿಲ್ಲ. ಶಾಪ ಕೊಟ್ಟವರು ಯಾರು? ಎರೆಹುಳು! ಆಳದಲ್ಲಿ ಹೂತ ಹೆಣದ ಸುತ್ತಲಿನ ಮಣ್ಣನ್ನು ತಿಂದು, ಮೇಲೆ ತಂದು ಹಿಕ್ಕೆ ಹಾಕುತ್ತಿದ್ದವು. ಹಿಕ್ಕೆಯಲ್ಲಿ ನೆರಡಿ ಬೀಜ. ರೈತನ ಮಿತ್ರನ ಮೇಲೆ ಹೀಗೊಂದು ಆರೋಪ ಹೊರಿಸಿದವರೂ ಪಾಶ್ಚರ್ ಅವರೇ.

ಆಮೇಲೆ ಬಂತು ಇತಿಹಾಸದ ದೊಡ್ಡ ಕುರಿ ಜಾತ್ರೆ. 1881ರ ಮೇ 5, ಪ್ಯಾರಿಸ್ ಬಳಿಯ ಪೂಯೀ ಲ ಫೋರ್ ಅನ್ನುವ ಹಳ್ಳಿ. ಪಾಶ್ಚರ್ 24 ಕುರಿ, 1 ಆಡು, ಒಂದಿಷ್ಟು ದನಗಳಿಗೆ ಲಸಿಕೆ ಹಾಕಿದರು. ಅಷ್ಟೇ ಕುರಿಗಳನ್ನು ಹಾಗೇ ಬಿಟ್ಟರು. ಮೇ 31ಕ್ಕೆ ಎಲ್ಲಕ್ಕೂ ನೆರಡಿ ಚುಚ್ಚಿದರು. ಜೂನ್ 2ಕ್ಕೆ ಜನ ಕಿಕ್ಕಿರಿದರು, ಪತ್ರಿಕೆಯವರೂ ಬಂದರು. ಲಸಿಕೆ ಹಾಕಿದ ಕುರಿಗಳು ನಿಂತು ಮೆಲುಕು ಹಾಕುತ್ತಿವೆ. ಹಾಕದವು ಸಾಲಾಗಿ ಮಲಗಿವೆ. ಉಳಿದಿದ್ದ ಎರಡು ಮೂರು ಬಂದವರ ಕಣ್ಣೆದುರೇ ಉರುಳಿದವು! ಇಷ್ಟು ನಾಟಕೀಯ ಫಲಿತಾಂಶ ಪರೀಕ್ಷೆ ಬರೆದ ಯಾವ ವಿದ್ಯಾರ್ಥಿಗೂ ಬಂದಿರಲಿಕ್ಕಿಲ್ಲ.

ಆದರೆ ಒಂದು ಗುಟ್ಟು. ರೋಗಾಣುವನ್ನು ಗಾಳಿಯಲ್ಲಿ ಬಳಲಿಸಿ ಲಸಿಕೆ ಮಾಡುವುದು ತಮ್ಮ ಪದ್ಧತಿ ಅಂತ ಜನ ನಂಬುವಂತೆ ಪಾಶ್ಚರ್ ನಡೆದುಕೊಂಡಿದ್ದರು. ಆ ದಿನ ಸೂಜಿಯಲ್ಲಿದ್ದದ್ದು ಸಹಾಯಕ ಶಾಂಬರ್ಲಾಂ ಅವರು ರಾಸಾಯನಿಕ ಹಾಕಿ ಮಾಡಿದ ಬೇರೆ ಲಸಿಕೆ! ಪಾಶ್ಚರ್ ತಮ್ಮ ಟಿಪ್ಪಣಿ ಪುಸ್ತಕ ಯಾರಿಗೂ ತೋರಿಸಬೇಡಿ ಅಂತ ಮನೆಯವರಿಗೆ ಹೇಳಿದ್ದರು. ನೂರು ವರ್ಷ ಬಿಟ್ಟು ಅದನ್ನೋದಿದ ಇತಿಹಾಸಕಾರ ಜೆರಾಲ್ಡ್ ಗೀಸನ್ 1995ರಲ್ಲಿ ಪುಸ್ತಕವನ್ನೇ ಬರೆದುಬಿಟ್ಟರು. ಡೈರಿ ಬರೆಯುವವರೇ, ಎಚ್ಚರ!

ಇವತ್ತು ನಮ್ಮ ಕುರಿಗಳಿಗೆ ಹಾಕುವ ನೆರಡಿ ಲಸಿಕೆ ಪಾಶ್ಚರ್ ಅವರದಲ್ಲ. ದಕ್ಷಿಣ ಆಫ್ರಿಕಾದ ಮ್ಯಾಕ್ಸ್ ಸ್ಟರ್ನ್ 1930ರ ದಶಕದಲ್ಲಿ ಕಂಡ ತಳಿಯದು. ಆ ಗುಲಾಬಿ ಕೋಟು ನೆನಪಿದೆಯೇ? ಅದನ್ನು ಕಳೆದುಕೊಂಡ ರೋಗಾಣುವೊಂದು ಸ್ಟರ್ನ್ ಅವರ ಕೈಗೆ ಸಿಕ್ಕಿತು. ಕೋಟಿಲ್ಲದ ಅದನ್ನು ಕುರಿಯ ರಕ್ತ ಸುಲಭವಾಗಿ ಹಿಡಿಯುತ್ತದೆ, ಹಿಡಿದು ಪಾಠ ಕಲಿಯುತ್ತದೆ. ತೊಂಬತ್ತು ವರ್ಷ ಆಗುತ್ತಾ ಬಂತು, ಇನ್ನೂ ಅದೇ!

2016ರ ಬೇಸಿಗೆ, ಸೈಬೀರಿಯಾದ ಯಮಾಲ್. ಬಿಸಿಲಿಗೆ ಹೆಪ್ಪುನೆಲ ಕರಗಿತು. ಹಳೆಯ ಹಿಮಸಾರಂಗದ ಹೆಣ ಹೊರಬಂದಿರಬೇಕು ಅನ್ನುತ್ತಾರೆ, ಜೊತೆಗೆ ನೆರಡಿಯೂ! ಎರಡು ಸಾವಿರಕ್ಕೂ ಹೆಚ್ಚು ಹಿಮಸಾರಂಗ ಸತ್ತವು, ಒಬ್ಬ ಹುಡುಗನೂ ಹೋದ. ಅಲ್ಲಿ ಲಸಿಕೆ ನಿಲ್ಲಿಸಿ ಒಂಬತ್ತು ವರ್ಷವಾಗಿತ್ತು.

ಸ್ಕಾಟ್ಲೆಂಡಿನ ಗ್ರೂನರ್ಡ್ ದ್ವೀಪದಲ್ಲಿ 1942ರಲ್ಲಿ ಬ್ರಿಟಿಷರು ನೆರಡಿ ಬಾಂಬ್ ಪರೀಕ್ಷೆ ಮಾಡಿದರು. ಬಲಿಯಾದದ್ದು ಕುರಿಗಳು. ಆಮೇಲೆ 48 ವರ್ಷ ಆ ದ್ವೀಪಕ್ಕೆ ಯಾರೂ ಕಾಲಿಡುವ ಹಾಗಿರಲಿಲ್ಲ! 1986ರಲ್ಲಿ 280 ಟನ್ ಫಾರ್ಮಾಲ್ಡಿಹೈಡ್ ಸುರಿದು ತೊಳೆದರು. ತೊಳೆದದ್ದು ಸರಿಯಾಯಿತೇ ಅಂತ ನೋಡಲು ಮೇಯಲು ಬಿಟ್ಟದ್ದು ಯಾರನ್ನು? ಮತ್ತೆ ಕುರಿಗಳನ್ನೇ! ಈ ಸಲ ಬದುಕಿದವು, ಪಾಪ.

ಡೊಳ್ಳು ಬಾರಿಸುವವರೇ, ಇದು ನಿಮಗೆ. 2006ರಲ್ಲಿ ನ್ಯೂಯಾರ್ಕಿನಲ್ಲಿ, 2008ರಲ್ಲಿ ಲಂಡನ್ನಿನಲ್ಲಿ ಒಬ್ಬೊಬ್ಬ ವಾದ್ಯ ಮಾಡುವವರಿಗೆ ನೆರಡಿ ಹತ್ತಿತು. ಹೊರದೇಶದಿಂದ ಬಂದ ಹಸಿ ತೊಗಲನ್ನು ಹೆರೆಯುವಾಗ ಎದ್ದ ಧೂಳು ಉಸಿರಿಗೆ ಹೋಗಿತ್ತು! ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಉಣ್ಣೆ ವಿಂಗಡಿಸುವವರಿಗೂ ಇದೇ ಕಾಟ. ರೋಗಕ್ಕೇ ‘ಉಣ್ಣೆಯವರ ಕಾಯಿಲೆ’ ಅಂತ ಹೆಸರಾಯಿತು.

ಉಣ್ಣೆ ಅಂದಾಗ ನೆನಪಾಯಿತು. ಕನ್ನಡದಲ್ಲಿ ಕುರಿಯ ತುಪ್ಪಟವೂ ಉಣ್ಣೆ, ರಕ್ತ ಹೀರುವ ಹುಳವೂ ಉಣ್ಣೆ! ಉಣ್ಣೆಯೊಳಗೆ ಉಣ್ಣೆ! ನಮ್ಮ ಹಿರಿಯರು ಬೇಕೆಂದೇ ಹೀಗೆ ಹೆಸರಿಟ್ಟರೋ, ಎರಡು ದಾರಿಯ ಎರಡು ಮಾತು ಒಂದೇ ಕಡೆ ಬಂದು ನಿಂತವೋ. ಅಂತೂ ಎರಡೂ ಒಂದೇ ಕುರಿಯ ಮೇಲಿವೆ.

ಈ ಎರಡನೇ ಉಣ್ಣೆ ತರುವ ಒಂದು ರೋಗಾಣು ಅನಾಪ್ಲಾಸ್ಮಾ. ಕುರಿಯ ಕೆಂಪು ರಕ್ತಕಣದೊಳಗೇ ಮನೆ ಮಾಡುತ್ತದೆ. ಅದರ ಅಣ್ಣತಮ್ಮನೊಬ್ಬ ಯುರೋಪಿನ ಕುರಿಗಳಲ್ಲಿದ್ದಾನೆ. ಅವನಿಗೆ ಕೆಂಪು ಕಣ ಬೇಡ. ರೋಗಾಣುಗಳನ್ನು ಹಿಡಿದು ತಿನ್ನುವ ಬಿಳಿ ಕಣ ಇದೆಯಲ್ಲ, ಅದರೊಳಗೇ ಸಂಸಾರ! ಪೊಲೀಸ್ ಠಾಣೆಯಲ್ಲೇ ಕಳ್ಳನ ಬಿಡಾರ!

ಇನ್ನೊಂದು ವಿಚಿತ್ರ, ಮೈಕೋಪ್ಲಾಸ್ಮಾ ಓವಿಸ್. ಇದು ಕಣದ ಒಳಗೆ ಹೋಗುವುದಿಲ್ಲ, ಮೇಲೆ ಅಂಟಿಕೊಂಡು ಕೂರುತ್ತದೆ. ಎಳ್ಳು ಹಚ್ಚಿದ ರೊಟ್ಟಿಯ ಹಾಗೆ! ಕುರಿಗೆ ರಕ್ತಹೀನತೆ. ಪೆನಿಸಿಲಿನ್ ಕೊಟ್ಟರೆ? ಕ್ಯಾರೇ ಅನ್ನುವುದಿಲ್ಲ! ಪೆನಿಸಿಲಿನ್ ರೋಗಾಣುವಿನ ಗೋಡೆ ಕೆಡವುವ ಔಷಧ. ಇದಕ್ಕೆ ಗೋಡೆಯೇ ಇಲ್ಲ!

ತಮಾಷೆ ಅಂದರೆ, ರಕ್ತವನ್ನು ಕೊಳವೆಗೆ ತುಂಬಿ ಪ್ರಯೋಗಾಲಯಕ್ಕೆ ಕಳಿಸಿದ ಮೇಲೂ ಇದು ಸುಮ್ಮನಿರುವುದಿಲ್ಲ. ದಾರಿಯುದ್ದಕ್ಕೂ ರಕ್ತದ ಸಕ್ಕರೆ ತಿನ್ನುತ್ತಲೇ ಇರುತ್ತದೆ. ವರದಿ ಬಂದಾಗ ಸಕ್ಕರೆ ಪಾತಾಳದಲ್ಲಿ!

ಈಗ ಹೊಟ್ಟೆಗೆ ಹಿತವಾದ ಸಂಗತಿ. ಹುಟ್ಟಿದ ಕುರಿಮರಿಯ ರಕ್ತದಲ್ಲಿ ರೋಗ ತಡೆಯುವ ಪ್ರತಿಕಾಯ ಎಷ್ಟಿರುತ್ತದೆ? ಹೆಚ್ಚುಕಡಿಮೆ ಸೊನ್ನೆ! ನಮಗೆ ತಾಯಿಯ ಹೊಟ್ಟೆಯಲ್ಲೇ ಸಿಗುತ್ತದೆ. ಕುರಿಯ ಮಾಸು ಅದನ್ನು ದಾಟಿಸುವುದೇ ಇಲ್ಲ. ಮರಿ ಬರಿಗೈಯಲ್ಲಿ ಯುದ್ಧಕ್ಕೆ ಬರುತ್ತದೆ.

ಅದಕ್ಕೆ ಸಿಗುವ ಒಂದೇ ಕವಚ ಗಿಣ್ಣು ಹಾಲು. ಹೈದರಾಬಾದಿನವರ ‘ಜುನ್ನು’. ಮೊದಲ ಗಂಟೆಗಳಲ್ಲಿ ಮರಿಯ ಕರುಳು ಆ ಹಾಲಿನ ಪ್ರತಿಕಾಯಗಳನ್ನು ಇಡಿಇಡಿಯಾಗಿ ನೆತ್ತರಿಗೆ ಬಿಟ್ಟುಕೊಳ್ಳುತ್ತದೆ. ಒಂದು ದಿನ ಕಳೆಯಿತೋ, ಬಾಗಿಲು ಬಂದ್! ಆಮೇಲೆ ಕೊಡ ತುಂಬ ಕುಡಿಸಿದರೂ ನೆತ್ತರಿಗೆ ಒಂದು ಹನಿ ಸೇರದು. ಹಸುವಿನ ಗಿಣ್ಣಿಗೆ ಬೆಲ್ಲ ಏಲಕ್ಕಿ ಹಾಕಿ ನಾವು ಚಪ್ಪರಿಸುವಾಗ ನೆನಪಿರಲಿ, ಅದು ಯಾರದೋ ಲಸಿಕೆ!

ಮರಿಯ ಹೊಕ್ಕುಳ ಬಳ್ಳಿಗೆ ಟಿಂಚರ್ ಅಯೋಡಿನ್ ಯಾಕೆ ಹಚ್ಚುತ್ತಾರೆ ಗೊತ್ತೇ? ಒದ್ದೆ ಬಳ್ಳಿ ರೋಗಾಣುಗಳಿಗೆ ಹೆದ್ದಾರಿ. ಅಲ್ಲಿಂದ ನೇರ ನೆತ್ತರಿಗೆ, ನೆತ್ತರಿನಿಂದ ಕೀಲಿಗೆ. ಹೊಕ್ಕುಳಲ್ಲಿ ಹೊಕ್ಕಿದ್ದು ಮೊಣಕಾಲಲ್ಲಿ ಊದುತ್ತದೆ!

ಕುರಿ ರಕ್ತ ನಿಮ್ಮ ಕೆಲಸಕ್ಕೂ ಬರುತ್ತದೆ! ಗಂಟಲು ನೋವು ಅಂತ ಹೋದಾಗ ಹತ್ತಿಯಲ್ಲಿ ಒರೆಸಿ ಪರೀಕ್ಷೆಗೆ ಕಳಿಸುತ್ತಾರಲ್ಲ, ಆ ರೋಗಾಣುಗಳನ್ನು ಬೆಳೆಸಲು ಹೇಳಿಮಾಡಿಸಿದ ತಟ್ಟೆ ಶೇಕಡ 5 ಕುರಿ ರಕ್ತ ಬೆರೆಸಿದ ಅಗರ್. ರೋಗಾಣು ರಕ್ತ ಕರಗಿಸಿದರೆ ಸುತ್ತ ತಿಳಿಯಾದ ಬಳೆ ಮೂಡುತ್ತದೆ. ಬಳೆ ನೋಡಿಯೇ ಜಾತಿ ಹೇಳುತ್ತಾರೆ!

ಮನುಷ್ಯನಿಗೆ ಮೊದಲು ಏರಿಸಿದ ರಕ್ತ ಯಾರದು? ಕುರಿಮರಿಯದು! 1667ರ ಜೂನ್ 15, ಪ್ಯಾರಿಸ್, ವೈದ್ಯ ಜಾನ್ ಬಪ್ತಿಸ್ತ್ ದೆನಿ. ರಕ್ತ ಏರಿಸಿಕೊಂಡ ಹುಡುಗ ಬದುಕಿದ! ಅದೇ ವರ್ಷ ನವೆಂಬರ್‌ನಲ್ಲಿ ಲಂಡನ್ನಿನಲ್ಲಿ ಆರ್ಥರ್ ಕೋಗಾ ಎಂಬಾತನಿಗೂ ಏರಿಸಿದರು. ಕೂಲಿ 20 ಶಿಲ್ಲಿಂಗ್. ಅವನೂ ಬದುಕಿದ. ಮುಂದೆ ಕೆಲವರು ಬದುಕಲಿಲ್ಲ, ಪದ್ಧತಿಯೇ ನಿಂತುಹೋಯಿತು. ಒಳ್ಳೆಯದೇ ಆಯಿತು!

ಒಂದು ಹನಿ ರಕ್ತಕ್ಕೆ ಕಣ್ಣಿಟ್ಟು ಕೂರುವುದು ಈ ಊರಿಗೆ ಹೊಸದಲ್ಲ. 1897ರ ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಕಂಡ ರೊನಾಲ್ಡ್ ರಾಸ್ ಆಗ ಇದ್ದದ್ದು ಸಿಕಂದರಾಬಾದಿನಲ್ಲಿ!

ಆದರೆ ಸೂಕ್ಷ್ಮದರ್ಶಕ ಇಲ್ಲದೆಯೂ ರಕ್ತ ನೋಡಬಹುದು ಗೊತ್ತೇ? ನನಗೆ ಗೊತ್ತಾದದ್ದು ಮೂಸಿ ದಂಡೆಯ ಜಿಯಾಗುಡ ಕುರಿ ಮಂಡಿಯಲ್ಲಿ. ಇನ್ನೂ ಸರಿಯಾಗಿ ಬೆಳಗಾಗಿರಲಿಲ್ಲ. ಲಾರಿಗಳು, ಕೂಗಾಟ, ಬೆನ್ನಿಗೆ ಬಣ್ಣದ ಗುರುತು ಹೊತ್ತ ಸಾವಿರ ಕುರಿ. ಒಬ್ಬ ಹಿರಿಯರು ಟಗರಿನ ತಲೆಯನ್ನು ಮೊಣಕಾಲ ಸಂದಿ ಹಿಡಿದು, ಹೆಬ್ಬೆರಳಲ್ಲಿ ಕೆಳಗಿನ ರೆಪ್ಪೆ ಎಳೆದು ನೋಡುತ್ತಿದ್ದರು. ಬಾಯಲ್ಲಿ ಕನ್ನಡ! ಕಲಬುರಗಿ ಕಡೆಯವರು. ಏನು ನೋಡ್ತಿದ್ದೀರಿ ಯಜಮಾನ್ರೇ ಅಂದೆ.

“ನೆತ್ತರ ನೋಡ್ಲಿಕತ್ತೀನ್ರಿ. ರೆಪ್ಪಿ ಒಳಗ ಕೆಂಪಗ ಇತ್ತಂದ್ರ ರೊಕ್ಕ ಕೊಡೂದು, ಬೆಳ್ಳಗಿತ್ತಂದ್ರ ಮುಂದ ಹೋಗೂದು.”

ದಕ್ಷಿಣ ಆಫ್ರಿಕಾದ ಪಶುವೈದ್ಯರು ಇದೇ ಉಪಾಯಕ್ಕೆ ಐದು ಬಣ್ಣದ ಚೀಟಿಯೊಂದನ್ನು ಮಾಡಿದ್ದಾರೆ. ಫಮಾಚಾ ಅಂತ ಹೆಸರು. ರೆಪ್ಪೆಯ ಪಕ್ಕ ಹಿಡಿದು ಬಣ್ಣ ಹೋಲಿಸಬೇಕು. ಕೆಂಪಿದ್ದರೆ ಸರಿ, ಬಿಳುಪೇರಿದ್ದರೆ ಹೊಟ್ಟೆಹುಳು ರಕ್ತ ಕುಡಿದಿದೆ ಅಂತ ಲೆಕ್ಕ. ಮೈಕೋಪ್ಲಾಸ್ಮಾ ಬಂದರೂ ರೆಪ್ಪೆ ಬೆಳ್ಳಗೇ. ಇದನ್ನೆಲ್ಲ ಯಜಮಾನರಿಗೆ ಉತ್ಸಾಹದಿಂದ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಟಗರು ಬಿಟ್ಟರು. ಅದೇ ಹೆಬ್ಬೆರಳಲ್ಲಿ ನನ್ನ ರೆಪ್ಪೆ ಎಳೆದರು!

“ನಿಮ್ದೇ ಭಾಳ ಬೆಳ್ಳಗದ ಅಲ್ರೀ! ಆ ಮೂಲ್ಯಾಗಿನ ಅಂಗಡ್ಯಾಗ ಅರ್ಧ ಕಿಲೋ ಕಲೀಜಿ ತಗೊಂಡ್ ಹೋಗ್ರಿ.”